ಎಲುಬು ಒಂದು ಹೇಳಿ ಜೀನ್ ಇನ್ನೊಂದು ಹೇಳಿದರೆ ಯಾವುದು ಖರೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಯಾದಗಿರಿ ಜಿಲ್ಲೆ ಸುರಪುರ ತಾಲೂಕು. ಆಡು, ಕುರಿ ಸಾಕಿದ್ದೇನೆ, ಸ್ವಲ್ಪ ತೊಗರಿ ಹೊಲ ಇದೆ. ಮಗಳು ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ತಿಮಿಂಗಿಲಕ್ಕೆ ಹತ್ತಿರದ ನೆಂಟ ಮೀನಲ್ಲ, ನೀರಾನೆ, ಆಮೇಲೆ ದನ, ಆಡು ಎಲ್ಲಾ ಅದೇ ಬಳಗ ಅಂತಾಳೆ. ಇದನ್ನು ಯಾರು ಕಣ್ಣಾರೆ ನೋಡಿದ್ದಾರೆ? ಮೊದಲು ಎಲುಬು ನೋಡಿ ಬೇರೆ ಏನೋ ಹೇಳಿದ್ದರಂತೆ, ಜೀನ್ ನೋಡಿದ ಮೇಲೆ ಮಾತು ಬದಲಾಯಿಸಿದರಂತೆ. ಹಾಗಾದರೆ ಯಾವುದನ್ನು ನಂಬಬೇಕು? ಇನ್ನೊಂದು, ಆಡು ಕುರಿ ಇಷ್ಟು ಹತ್ತಿರ ಇದ್ದರೂ ಎರಡೂ ಕೂಡಿ ಮರಿ ಯಾಕೆ ಆಗಲ್ಲ?

ಉತ್ತರ: ನಮಸ್ಕಾರ್ರೀ. ನಿಮ್ಮ ಮಗಳು ಹೇಳಿದ್ದು ಸರಿ ಇದೆ. ವಿಜ್ಞಾನಿಗಳು ಮಾತು ಬದಲಾಯಿಸಿದ್ದೂ ನಿಜ. ಆದರೆ ಅಷ್ಟಕ್ಕೇ ಎಲುಬು ಸುಳ್ಳು, ಜೀನ್ ಖರೆ ಅಂತ ತಿಳಿಯಬೇಡಿ. ಎರಡೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತವೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಎರಡು ಜೀವಿಗಳು ಒಂದೇ ಥರ ಕಂಡಾಗ ಆ ಹೋಲಿಕೆ ಎಲ್ಲಿಂದ ಬಂತು? ಇಬ್ಬರೂ ಒಂದೇ ಕೆಲಸ ಮಾಡುತ್ತಾರೆ ಅಂತ ಬಂತಾ, ಇಬ್ಬರ ಮೂಲವೂ ಒಂದೇ ಅಂತ ಬಂತಾ? ನಾನು ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ಈ ಒಂದು ಪ್ರಶ್ನೆ ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು ಅಂತ ನಮ್ಮ ಮಕ್ಕಳಿಗೂ ಹೇಳುತ್ತೇನೆ.

ನಿಮ್ಮ ಹತ್ತಿರ ಆಡು ಇದೆಯಲ್ಲ, ಅದರ ಕಾಲಿಂದಲೇ ನೋಡೋಣ. ಮುಂಗಾಲಲ್ಲಿ ನಾವು ಮಂಡಿ ಅಂತ ಕರೆಯುವ ಜಾಗ ಇದೆಯಲ್ಲ, ಅದು ನಿಜವಾಗಿ ಮಂಡಿ ಅಲ್ಲ. ಅದು ಮಣಿಕಟ್ಟು. ಅಲ್ಲಿ ನಮ್ಮ ಮಣಿಕಟ್ಟಿನ ಹಾಗೆಯೇ ಪುಟ್ಟ ಪುಟ್ಟ ಎಲುಬುಗಳ ಗುಂಪಿದೆ. ಅದರ ಕೆಳಗಿರುವುದೆಲ್ಲ ಅಂಗೈ ಮತ್ತು ಬೆರಳು. ಅಂದರೆ ಆಡು ನಿಂತಿರುವುದು ಬೆರಳ ತುದಿಯ ಮೇಲೆ, ಗೊರಸು ಅನ್ನುವುದು ಉಗುರು. ಮುಂದಿನ ಸಲ ಪಾಯಾ ಮಾಡಿದಾಗ ಆ ಉದ್ದನೆ ಎಲುಬನ್ನು ಬಿಸಾಕಬೇಡಿ. ಚೆನ್ನಾಗಿ ಬೇಯಿಸಿ, ಮಾಂಸ ನರ ಎಲ್ಲ ಬಿಡಿಸಿ, ತೊಳೆದು ಬೆಳಕಿಗೆ ಹಿಡಿಯಿರಿ. ಮೇಲಿಂದ ಕೆಳಗೆ ಒಂದು ಗೆರೆ ಹರಿದ ಹಾಗೆ ಸಣ್ಣ ಹಳ್ಳ ಕಾಣುತ್ತದೆ. ಕೆಳತುದಿಯಲ್ಲಿ ಎಲುಬು ಎರಡಾಗಿ ಸೀಳಿ ಎರಡು ದುಂಡು ತಲೆಗಳಾಗಿರುತ್ತವೆ, ಒಂದೊಂದು ತಲೆಗೆ ಒಂದೊಂದು ಬೆರಳು, ಒಂದೊಂದು ಗೊರಸು. ಯಾಕೆ ಹೀಗೆ? ಅದು ಮೊದಲು ಒಂದು ಎಲುಬೇ ಅಲ್ಲ. ಹೊಟ್ಟೆಯಲ್ಲಿರುವ ಮರಿಯಲ್ಲಿ ಅವು ಎರಡು ಬೇರೆ ಬೇರೆ ಎಲುಬುಗಳು, ಅಂಗೈಯ ಮೂರನೇ ಮತ್ತು ನಾಲ್ಕನೇ ಎಲುಬು. ಬೆಳೆಯುತ್ತಾ ಕೂಡಿಕೊಂಡು ಒಂದಾಗುತ್ತವೆ, ಆ ಗೆರೆ ಅದರ ಗುರುತು. ಕಾಲಿನ ಹಿಂದೆ ನೆಲಕ್ಕೆ ತಾಗದ ಎರಡು ಸಣ್ಣ ಗೊರಸು ನೇತಾಡುತ್ತಿರುತ್ತವಲ್ಲ, ಅವು ಎರಡನೇ ಮತ್ತು ಐದನೇ ಬೆರಳಿನ ಉಳಿಕೆ. ಹೆಬ್ಬೆರಳು ಪೂರ್ತಿ ಹೋಗಿದೆ.

ಕುದುರೆಯಲ್ಲಿ ನಡುಬೆರಳು ಒಂದೇ ಉಳಿದಿದೆ, ಅಕ್ಕಪಕ್ಕ ಎರಡು ಸಣಕಲು ಎಲುಬು ಅಂಟಿಕೊಂಡಿವೆ. ಬಾವಲಿಯಲ್ಲಿ ಬೆರಳುಗಳು ಮೈಗಿಂತ ಉದ್ದ ಬೆಳೆದು ನಡುವೆ ತೆಳು ಚರ್ಮ ಹಬ್ಬಿದೆ. ಬೀದರ್ ಕೋಟೆಯಂಥ ಹಳೇ ಕಟ್ಟಡದ ಕತ್ತಲಲ್ಲಿ ನೇತಾಡುವ ಬಾವಲಿಯ ರೆಕ್ಕೆ ಮೇಲೆ ಒಂದು ಕೊಕ್ಕೆ ಕಾಣುತ್ತದೆ, ಅದು ಹೆಬ್ಬೆರಳಿನ ಉಗುರು. ತಿಮಿಂಗಿಲದ ಈಜುರೆಕ್ಕೆಯನ್ನು ಹೊರಗಿಂದ ನೋಡಿದರೆ ಹುಟ್ಟಿನ ಹಲಗೆ. ಒಳಗೆ ನೋಡಿದರೆ ತೋಳಿಗೆ ಒಂದು ಎಲುಬು, ಮುಂಗೈಗೆ ಎರಡು, ಆಮೇಲೆ ಮಣಿಕಟ್ಟು, ಆಮೇಲೆ ಬೆರಳು. ನಿಮ್ಮ ಕೈಯಲ್ಲೂ ಅಷ್ಟೇ, ಅದೇ ಕ್ರಮ.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಹಾರುವುದಕ್ಕೆ, ಈಜುವುದಕ್ಕೆ, ಓಡುವುದಕ್ಕೆ, ಬುತ್ತಿ ಕಟ್ಟುವುದಕ್ಕೆ ಒಂದೇ ಥರದ ಜೋಡಣೆ ಬೇಕೇ ಬೇಕು ಅಂತ ಏನಿಲ್ಲ. ಕೆಲಸ ನೋಡಿ ಹೊಸದಾಗಿ ಮಾಡಿದ್ದರೆ ಒಂದೊಂದು ಒಂದೊಂದು ಥರ ಇರಬೇಕಿತ್ತು. ಆದರೂ ಎಲ್ಲಾ ಕಡೆ ಒಂದು, ಎರಡು, ಬಹಳ, ಬೆರಳು ಅನ್ನುವ ಅದೇ ಕ್ರಮ. ಬ್ರಿಟನ್ನಿನ ರಿಚರ್ಡ್ ಓವನ್ 1843ರಲ್ಲೇ ಈ ಥರದ ಹೋಲಿಕೆಗೆ ಲಕ್ಷಣ ಹೇಳಿ, ಕೆಲಸ ಒಂದೇ ಆಗಿರುವ ಹೋಲಿಕೆಯಿಂದ ಅದನ್ನು ಬೇರೆ ಮಾಡಿ ತೋರಿಸಿದ್ದ. ಅದು ಯಾಕೆ ಹಾಗಿದೆ ಅನ್ನುವುದಕ್ಕೆ ಒಪ್ಪುವಂಥ ಕಾರಣ ಕೊಟ್ಟಿದ್ದು 1859ರಲ್ಲಿ ಡಾರ್ವಿನ್. ಇವರೆಲ್ಲರಿಗೂ ಒಬ್ಬ ಪೂರ್ವಜ ಇದ್ದ, ಅವನ ಕಾಲಿನ ಎಲುಬುಗಳೇ ಒಬ್ಬೊಬ್ಬರಲ್ಲಿ ಉದ್ದವಾಗಿ, ಗಿಡ್ಡವಾಗಿ, ಕೂಡಿಕೊಂಡು, ಕಳೆದುಹೋಗಿ ಹೀಗಾಗಿವೆ. ಆಮೇಲೆ 2004ರಲ್ಲಿ ಉತ್ತರ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಟಿಕ್ಟಾಲಿಕ್ ಅನ್ನುವ ಮೀನಿನ ಪಳೆಯುಳಿಕೆ ಸಿಕ್ಕಿತು, ಸುಮಾರು 37.5 ಕೋಟಿ ವರ್ಷ ಹಳೆಯದು. ಅದರ ಈಜುರೆಕ್ಕೆಯ ಒಳಗೂ ತೋಳು, ಮುಂಗೈ, ಮಣಿಕಟ್ಟಿನ ಎಲುಬುಗಳು ಇದ್ದವು.

ಇನ್ನು ಕೆಲಸದಿಂದ ಬರುವ ಹೋಲಿಕೆ. ನಮ್ಮ ಕಡೆ ಬದುವಿನಲ್ಲಿ ಪಾಪಾಸುಕಳ್ಳಿ ನೋಡಿರುತ್ತೀರಿ, ಬೇಲಿಗೆ ಹಚ್ಚುವ ಹಾಲುಗಳ್ಳಿಯನ್ನೂ ನೋಡಿರುತ್ತೀರಿ. ಎರಡೂ ದಪ್ಪ, ಹಸಿರು, ಮುಳ್ಳು. ಎರಡನ್ನೂ ಕಳ್ಳಿ ಅಂತಲೇ ಕರೆಯುತ್ತೇವೆ. ಆದರೆ ಪಾಪಾಸುಕಳ್ಳಿ ಅಮೆರಿಕ ಖಂಡದಿಂದ ಮನುಷ್ಯರ ಜೊತೆ ಬಂದದ್ದು, ಹಾಲುಗಳ್ಳಿ ಈ ಕಡೆಯ ಗಿಡ. ಒಂದನ್ನು ಮುರಿದರೆ ಬಿಳಿ ಹಾಲು ಸುರಿಯುತ್ತದೆ, ಇನ್ನೊಂದನ್ನು ಮುರಿದರೆ ಬರೀ ಲೋಳೆ. ಹೂವಂತೂ ಒಂದಕ್ಕೊಂದು ಸಂಬಂಧವೇ ಇಲ್ಲ. ಹಾಲುಗಳ್ಳಿಗೆ ಹತ್ತಿರದ ನೆಂಟ ಯಾರು ಗೊತ್ತಾ? ನಮ್ಮ ಹೊಲದ ಔಡಲ! ಮೇಲ್ನೋಟಕ್ಕೆ ಯಾರೂ ಹೇಳಲ್ಲ. ಬಿಸಿಲು ಜಾಸ್ತಿ, ನೀರು ಕಮ್ಮಿ ಇದ್ದ ಕಡೆ ಬದುಕಬೇಕಾದರೆ ಕಾಂಡದಲ್ಲೇ ನೀರು ಇಟ್ಟುಕೊಳ್ಳಬೇಕು, ಎಲೆ ಕಮ್ಮಿ ಮಾಡಬೇಕು, ದನ ತಿನ್ನದ ಹಾಗೆ ಮುಳ್ಳು ಬೆಳೆಸಬೇಕು. ಆ ಕಷ್ಟಕ್ಕೆ ಎರಡು ಬೇರೆ ಬೇರೆ ಮನೆತನಗಳು ಒಂದೇ ಉಪಾಯ ಕಂಡುಕೊಂಡವು. ತಿಮಿಂಗಿಲ ಮೀನಿನ ಥರ ಕಾಣುವುದೂ ಇದೇ ಲೆಕ್ಕ. ನೀರನ್ನು ಸೀಳಿಕೊಂಡು ಹೋಗಲು ಆ ಆಕಾರ ಬೇಕು, ಅಷ್ಟೇ. ಉಪಯೋಗಕ್ಕೆ ಬರುವ ಹೋಲಿಕೆಯನ್ನು ಅನುಮಾನದಿಂದ ನೋಡಬೇಕು, ಉಪಯೋಗಕ್ಕೆ ಬಾರದ ಹೋಲಿಕೆ ಕಂಡರೆ ಹತ್ತಿರ ಹೋಗಿ ನೋಡಬೇಕು.

ಇಲ್ಲೇ ಜೀನ್ ಕೆಲಸಕ್ಕೆ ಬರುವುದು. ನಮ್ಮ ಭಾಗದವರಿಗೆ ಇದನ್ನು ವಚನದ ಓಲೆಗರಿ ಇಟ್ಟುಕೊಂಡು ಹೇಳಬಹುದು. ಬಸವಕಲ್ಯಾಣದ ಶರಣರ ವಚನಗಳು ನೂರಾರು ವರ್ಷ ಕೈಯಿಂದ ಕೈಗೆ ಪ್ರತಿಯಾಗುತ್ತಾ ಬಂದವು. ಪ್ರತಿ ಮಾಡುವಾಗ ಒಬ್ಬ ಒಂದು ಅಕ್ಷರ ಬಿಡುತ್ತಾನೆ, ಇನ್ನೊಬ್ಬ ಒಂದು ಸಾಲು ಎರಡು ಸಲ ಬರೆಯುತ್ತಾನೆ. ಅವನ ಪ್ರತಿ ನೋಡಿ ಬರೆದವರೆಲ್ಲರಲ್ಲೂ ಅದೇ ತಪ್ಪು ಬರುತ್ತದೆ. ಎರಡು ಗರಿಗಳಲ್ಲಿ ವಚನ ಸರಿಯಾಗಿ ಒಂದೇ ಥರ ಇದ್ದರೆ ಅದರಿಂದ ದೊಡ್ಡದೇನೂ ಗೊತ್ತಾಗಲ್ಲ, ಸರಿ ಇದ್ದದ್ದು ಎಲ್ಲಾ ಕಡೆ ಸರಿಯೇ ಇರುತ್ತದೆ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು ಇದ್ದರೆ ಮಾತ್ರ ಎರಡಕ್ಕೂ ಮೂಲ ಪ್ರತಿ ಒಂದೇ ಅಂತ ಧೈರ್ಯವಾಗಿ ಹೇಳಬಹುದು. ಡಿಎನ್ಎ ಕೂಡ ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುವ ಬರಹ, ನಾಲ್ಕೇ ಅಕ್ಷರದ್ದು. ಅದರಲ್ಲಿ ಒಂದು ಪ್ರೋಟೀನ್ ಮಾಡುವ ಕ್ರಮ ಬರೆದಿರುವ ತುಂಡೇ ಜೀನ್. ಅದರಲ್ಲೂ ತಪ್ಪು ನುಸುಳುತ್ತವೆ, ಉಳಿಯುತ್ತವೆ, ಮಕ್ಕಳಿಗೆ ಹೋಗುತ್ತವೆ.

ವಿಟಮಿನ್ ಸಿ ತಗೊಳ್ಳಿ. ನಿಮ್ಮ ಆಡಿಗೆ ಯಾರೂ ನಿಂಬೆಹಣ್ಣು ತಿನ್ನಿಸಲ್ಲ, ಆದರೂ ಅದಕ್ಕೆ ವಿಟಮಿನ್ ಸಿ ಕೊರತೆ ಆಗಲ್ಲ. ಅದರ ಪಿತ್ತಜನಕಾಂಗದಲ್ಲೇ ತಯಾರಾಗುತ್ತದೆ. ನಮಗೆ ಆ ಶಕ್ತಿ ಇಲ್ಲ, ತಿಂದೇ ಪಡೆಯಬೇಕು. ಹಾಗಂತ ನಮ್ಮಲ್ಲಿ ಆ ಜೀನೇ ಇಲ್ಲ ಅಂತಲ್ಲ. ಇದೆ, ಮುರಿದುಹೋಗಿದೆ. ಅದರ ತುಂಡುಗಳು ಇವತ್ತಿಗೂ ನಮ್ಮ ಡಿಎನ್ಎಯಲ್ಲಿ ಬಿದ್ದಿವೆ. ಮಂಗಗಳಲ್ಲೂ, ಚಿಂಪಾಂಜಿಯಲ್ಲೂ ಅದೇ ಜೀನ್ ಮುರಿದಿದೆ, ಮುರಿದ ಗುರುತುಗಳೂ ನಮ್ಮದಕ್ಕೆ ಹೊಂದುತ್ತವೆ. ಗಿನಿ ಪಿಗ್ ಅನ್ನುವ ಸಣ್ಣ ಪ್ರಾಣಿಯಲ್ಲೂ ಈ ಜೀನ್ ಕೆಟ್ಟಿದೆ, ಆದರೆ ಅದು ಮುರಿದಿರುವ ರೀತಿಯೇ ಬೇರೆ. ಅಂದರೆ ಅದು ತನ್ನಷ್ಟಕ್ಕೆ ತಾನು ಕಳೆದುಕೊಂಡದ್ದು. ನಾವೂ ಮಂಗಗಳೂ ಒಂದೇ ಪೂರ್ವಜನಿಂದ ಮುರಿದದ್ದನ್ನೇ ಪಡೆದವರು. ಯಾವ ಉಪಯೋಗಕ್ಕೂ ಬಾರದ ಮುರಿದ ಜೀನ್ ಎರಡು ಕಡೆ ಒಂದೇ ಥರ ಇರುವುದಕ್ಕೆ ನೆಂಟಸ್ತಿಕೆ ಬಿಟ್ಟು ಬೇರೆ ನೇರವಾದ ಕಾರಣ ನನಗೆ ಕಾಣಲ್ಲ. ಹಾಗಂತ ಈಗಿನ ಮಂಗನೇ ಮನುಷ್ಯನಾದ ಅಂತ ಅಲ್ಲ, ಈ ತಪ್ಪು ತಿಳುವಳಿಕೆ ಊರೂರಲ್ಲಿ ಇದೆ. ಮಂಗವೂ ನಾವೂ ದಾಯಾದಿಗಳು. 2005ರಲ್ಲಿ ಚಿಂಪಾಂಜಿಯ ಡಿಎನ್ಎ ಓದಿ ನಮ್ಮದರ ಜೊತೆ ಇಟ್ಟು ನೋಡಿದಾಗ ಸುಮಾರು 300 ಕೋಟಿ ಅಕ್ಷರಗಳಲ್ಲಿ ಸುಮಾರು 3.5 ಕೋಟಿ ಕಡೆ ಒಂದೊಂದು ಅಕ್ಷರ ಬೇರೆ ಇತ್ತು. ಅದರ ಜೊತೆಗೆ ತುಂಡು ಸೇರಿದ್ದು, ತುಂಡು ಬಿಟ್ಟುಹೋಗಿದ್ದು ಸುಮಾರು 50 ಲಕ್ಷ ಕಡೆ.

ಈಗ ತಿಮಿಂಗಿಲಕ್ಕೆ ಬರೋಣ, ನಿಮ್ಮ ಅನುಮಾನ ಹುಟ್ಟಿದ್ದೇ ಅಲ್ಲಿ. ತಿಮಿಂಗಿಲ ಹಾಲು ಕುಡಿಸುತ್ತದೆ, ಗಾಳಿ ಉಸಿರಾಡುತ್ತದೆ, ಹಾಗಾಗಿ ಅದು ಮೀನಲ್ಲ ಅನ್ನುವುದು ಬಹಳ ಹಿಂದೆಯೇ ಗೊತ್ತಿತ್ತು. ನೆಲದ ಯಾವ ಪ್ರಾಣಿಗೆ ಹತ್ತಿರ ಅನ್ನುವುದೇ ಜಗಳ. 1960ರ ದಶಕದಲ್ಲಿ ಹಳೇ ತಿಮಿಂಗಿಲಗಳ ಹಲ್ಲು ನೋಡಿ, ಮೆಸೊನಿಕಿಡ್ ಅನ್ನುವ, ಈಗ ಪೂರ್ತಿ ಅಳಿದುಹೋಗಿರುವ ಮಾಂಸ ತಿನ್ನುವ ಗೊರಸಿನ ಪ್ರಾಣಿಗಳ ವಂಶ ಇದು ಅಂದರು. ಹಲ್ಲು ನಿಜವಾಗಿಯೂ ಬಹಳ ಹೋಲುತ್ತಿತ್ತು. ಬಹಳ ಜನ ಒಪ್ಪಿದರು. ಆದರೆ 1950ರಲ್ಲೇ ರಕ್ತದ ಪ್ರೋಟೀನ್ ಹೋಲಿಸಿದವರು ತಿಮಿಂಗಿಲ ದನ, ಆಡಿನ ಬಳಗಕ್ಕೆ ಹತ್ತಿರ ಅಂದಿದ್ದರು. 1990ರ ದಶಕದಲ್ಲಿ ಡಿಎನ್ಎ ಓದಲು ಶುರುವಾದ ಮೇಲೆ ಅದೇ ಮಾತು ಇನ್ನೂ ಗಟ್ಟಿಯಾಯಿತು, ಅದರಲ್ಲೂ ನೀರಾನೆಯ ಹೆಸರು ಎದ್ದು ಬಂತು. ಜಪಾನಿನ ನೊರಿಹಿರೊ ಒಕಾಡಾ ಮತ್ತು ಅವರ ತಂಡ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಡಿಎನ್ಎಯಲ್ಲಿ ಕೆಲವು ತುಂಡುಗಳು ತಮ್ಮ ನಕಲು ತಾವೇ ಮಾಡಿಕೊಂಡು ಎಲ್ಲೋ ಒಂದು ಕಡೆ ಹೋಗಿ ಸೇರಿಕೊಳ್ಳುತ್ತವೆ. ಒಮ್ಮೆ ಸೇರಿದವು ಅಲ್ಲಿಂದ ಗುರುತು ಇಲ್ಲದ ಹಾಗೆ ಏಳುವುದು ತೀರಾ ಅಪರೂಪ. ಇಷ್ಟು ಉದ್ದನೆ ಬರಹದಲ್ಲಿ ಎರಡು ಪ್ರಾಣಿಗಳಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಅದೇ ತುಂಡು ಬೇರೆ ಬೇರೆಯಾಗಿ ಬಂದು ಕೂರುವುದು ಆಗದ ಮಾತು. ನೀರಾನೆಯಲ್ಲೂ ತಿಮಿಂಗಿಲದಲ್ಲೂ ಅಂಥ ತುಂಡುಗಳು ಒಂದೇ ಜಾಗದಲ್ಲಿ ಸಿಕ್ಕವು. ದನ, ಹಂದಿ, ಒಂಟೆಯಲ್ಲಿ ಆ ಜಾಗಗಳು ಖಾಲಿ ಇದ್ದವು. 1997 ಮತ್ತು 1999ರಲ್ಲಿ ಇದನ್ನು ಪ್ರಕಟಿಸಿದರು.

ಆಗ ಎಲುಬಿನವರಿಗೂ ಜೀನಿನವರಿಗೂ ಜೋರು ವಾದ ನಡೆಯಿತು. ಅದಕ್ಕೆ ಉತ್ತರ ಬಂದದ್ದು ಮತ್ತೆ ಎಲುಬಿನಿಂದಲೇ. ನಿಮ್ಮ ಆಡಿನ ಹಿಂಗಾಲಲ್ಲಿ ಹಿಂದಕ್ಕೆ ಮೊನಚಾಗಿ ಚಾಚಿರುವ ಜಾಗ ಹಿಮ್ಮಡಿ. ಅಲ್ಲಿ ಕೀಲಿನ ಒಳಗೆ ಒಂದು ದಪ್ಪ, ಗಿಡ್ಡ ಎಲುಬಿದೆ. ಅದರ ಮೇಲ್ತುದಿ ರಾಟೆಯ ಆಕಾರ, ನಡುವೆ ಹಳ್ಳ, ಎರಡೂ ಕಡೆ ಏರು. ಕೆಳತುದಿಯೂ ಅದೇ ಆಕಾರ. ಕುದುರೆ, ನಾಯಿಯಲ್ಲಿ ಮೇಲೆ ಮಾತ್ರ ರಾಟೆ, ಕೆಳಗಿಲ್ಲ. ಎರಡೂ ಕಡೆ ರಾಟೆ ಇರುವುದು ದನ, ಆಡು, ಹಂದಿ, ಒಂಟೆ, ಜಿಂಕೆ, ನೀರಾನೆ ಇಷ್ಟೇ ಬಳಗದಲ್ಲಿ. ತಿಮಿಂಗಿಲಕ್ಕೆ ಈಗ ಹಿಂಗಾಲೇ ಇಲ್ಲ, ಹಾಗಾಗಿ ಹಳೇ ತಿಮಿಂಗಿಲದ ಹಿಂಗಾಲು ಸಿಗಬೇಕಿತ್ತು. 2001ರಲ್ಲಿ ಸಿಕ್ಕಿತು. ಫಿಲಿಪ್ ಜಿಂಜರಿಚ್ ಅವರ ತಂಡಕ್ಕೆ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಸುಮಾರು 4.7 ಕೋಟಿ ವರ್ಷ ಹಳೆಯ ತಿಮಿಂಗಿಲಗಳ ಕಾಲು ಸಿಕ್ಕವು, ಹಾನ್ಸ್ ಥೆವಿಸನ್ ಅವರ ತಂಡವೂ ಅದೇ ವರ್ಷ ಪಾಕಿಸೀಟಸ್ ಅನ್ನುವ ಇನ್ನೂ ಹಳೇ ಪ್ರಾಣಿಯ ಎಲುಬುಗಳನ್ನು ಪ್ರಕಟಿಸಿತು. ಎರಡರಲ್ಲೂ ಆ ಗಿಡ್ಡ ಎಲುಬಿಗೆ ಎರಡೂ ತುದಿಯಲ್ಲಿ ರಾಟೆ ಇತ್ತು! ಜಿಂಜರಿಚ್ ಅದುವರೆಗೆ ಮೆಸೊನಿಕಿಡ್ ಪಕ್ಷದವರು. ತಮ್ಮ ಕೈಗೆ ಸಿಕ್ಕ ಎಲುಬು ನೋಡಿ ಅಭಿಪ್ರಾಯ ಬದಲಾಯಿಸಿದರು. ಇದನ್ನು ನಾನು ದೊಡ್ಡತನ ಅಂತ ಕರೆಯುತ್ತೇನೆ, ನೀವು ಹೇಳಿದ ಹಾಗೆ ಬರೀ ಮಾತು ಬದಲಾಯಿಸಿದ್ದು ಅಂತ ಅಲ್ಲ.

ನಮ್ಮ ದೇಶದ ಪಾಲೂ ಇದರಲ್ಲಿ ಇದೆ. ಜಮ್ಮು ಕಾಶ್ಮೀರದ ಕಾಲಾಕೋಟ್‌ನಲ್ಲಿ ಎ. ರಂಗರಾವ್ ಅನ್ನುವ ಭೂವಿಜ್ಞಾನಿ ಕಲ್ಲುಗಳನ್ನು ಕೂಡಿಸಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಆ ಕಲ್ಲುಗಳನ್ನು ಥೆವಿಸನ್ ಅವರಿಗೆ ಕೊಟ್ಟರು. ಅದರಲ್ಲಿದ್ದ ಇಂಡೋಹಯಸ್ ಅನ್ನುವ, ಬೆಕ್ಕಿನಷ್ಟು ದೊಡ್ಡ, ಸಣ್ಣ ಜಿಂಕೆಯ ಥರದ ಪ್ರಾಣಿಯ ತಲೆಬುರುಡೆ ಬಿಡಿಸುವಾಗ ಕಿವಿಯ ಎಲುಬು ಮುರಿಯಿತು. ಒಳಗೆ ನೋಡಿದರೆ ಒಂದು ಕಡೆಯ ಗೋಡೆ ಬಹಳ ದಪ್ಪ. ಅಂಥ ಕಿವಿ ಎಲುಬು ತಿಮಿಂಗಿಲದ ಬಳಗದಲ್ಲಿ ಮಾತ್ರ ಇರುತ್ತದೆ ಅಂತ ತಿಳಿದಿದ್ದರು. ಕಾಲಿನಲ್ಲಿ ಆಡಿನ ಹಾಗೆ ಎರಡು ರಾಟೆ, ಕಿವಿಯಲ್ಲಿ ತಿಮಿಂಗಿಲದ ಗುರುತು. 2007ರಲ್ಲಿ ಇದು ಹೊರಬಂತು. ಇದರಿಂದ ನೀರಾನೆಯೇ ತಿಮಿಂಗಿಲವಾಯಿತು ಅಂತ ತಿಳಿಯಬಾರದು. ಎರಡರ ಪೂರ್ವಜ ಒಂದೇ, 5 ಕೋಟಿ ವರ್ಷಕ್ಕೂ ಹಿಂದೆ ದಾರಿ ಬೇರೆಯಾಯಿತು.

ಯಾರು ಕಣ್ಣಾರೆ ನೋಡಿದ್ದಾರೆ ಅಂತ ಕೇಳಿದ್ದೀರಿ. ಯಾರೂ ನೋಡಿಲ್ಲ, ನೋಡಬೇಕಾಗಿಯೂ ಇಲ್ಲ. ಜೀನಿನವರು ಎಲುಬು ಮುಟ್ಟದೆ ಒಂದು ಉತ್ತರ ಹೇಳಿದ್ದರು, ಆಮೇಲೆ ನೆಲದೊಳಗಿಂದ ಬಂದ ಎಲುಬು ಅದೇ ಉತ್ತರ ಹೇಳಿತು. ಒಂದಕ್ಕೊಂದು ಗೊತ್ತಿಲ್ಲದ ಎರಡು ದಾರಿ ಒಂದೇ ಕಡೆ ಬಂದು ಸೇರಿದರೆ ಅದಕ್ಕಿಂತ ಗಟ್ಟಿ ಆಧಾರ ಏನು ಬೇಕು ಹೇಳಿ. ಹೀಗೆ ಹೋಲಿಸಿ ನೋಡುವ ದಾರಿ ಇರದಿದ್ದರೆ ನಮ್ಮಂಥ ಜಿಲ್ಲೆಯವರಿಗೆ ಕಷ್ಟವಿತ್ತು, ಯಾಕಂದರೆ ಮನೆಗೆ ಹಾಸುವ ಶಹಾಬಾದ್ ಕಲ್ಲು ಎಲುಬಿರುವ ಪ್ರಾಣಿಗಳು ಭೂಮಿಗೆ ಬರುವ ಮೊದಲೇ ಕಡಲ ತಳದಲ್ಲಿ ಕೂತ ಕೆಸರು. ಅದರಲ್ಲಿ ಎಷ್ಟು ಹುಡುಕಿದರೂ ಎಲುಬು ಸಿಗಲ್ಲ.

ಜೀನೂ ದಾರಿ ತಪ್ಪಿಸುತ್ತದೆ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕತ್ತಲಲ್ಲಿ ಹುಳ ಹಿಡಿಯುವ ಸಣ್ಣ ಬಾವಲಿಗಳು ಸದ್ದು ಮಾಡಿ, ಅದರ ಮರುದನಿ ಕೇಳಿ ದಾರಿ ತಿಳಿಯುತ್ತವೆ. ಡಾಲ್ಫಿನ್ ಕೂಡ ಅದನ್ನೇ ಮಾಡುತ್ತದೆ. ಸಣ್ಣ ಸದ್ದು ಕೇಳಲು ಒಳಕಿವಿಯಲ್ಲಿ ಪ್ರೆಸ್ಟಿನ್ ಅನ್ನುವ ಪ್ರೋಟೀನ್ ಬೇಕು. 2010ರಲ್ಲಿ ಈ ಒಂದೇ ಪ್ರೋಟೀನ್ ಇಟ್ಟುಕೊಂಡು ವಂಶವೃಕ್ಷ ಬರೆದಾಗ ಡಾಲ್ಫಿನ್ ದನದ ಕಡೆ ಹೋಗದೆ ಬಾವಲಿಯ ಪಕ್ಕ ಹೋಗಿ ಕೂತಿತು! ಕೆಲಸ ಒಂದೇ ಆದದ್ದರಿಂದ ಇಬ್ಬರಲ್ಲೂ ಅದೇ ಜಾಗಗಳು ಒಂದೇ ಥರ ಬದಲಾಗಿದ್ದವು, ಕಳ್ಳಿ ಗಿಡದ ಕಥೆಯೇ ಜೀನಿನ ಒಳಗೆ ನಡೆದಿತ್ತು. ಆಮೇಲೆ ಅದೇ ಜೀನಿನಲ್ಲಿ ಪ್ರೋಟೀನಿಗೆ ಏನೂ ವ್ಯತ್ಯಾಸ ಮಾಡದ ಅಕ್ಷರಗಳನ್ನು ಮಾತ್ರ ಆರಿಸಿ ನೋಡಿದರೆ ಡಾಲ್ಫಿನ್ ತನ್ನ ಜಾಗಕ್ಕೆ ವಾಪಸ್ ಬಂತು. ಅದಕ್ಕೇ ಒಂದು ಜೀನ್ ನೋಡಿ ಯಾರೂ ತೀರ್ಮಾನ ಮಾಡಬಾರದು, ನೂರಾರು ಜೀನ್ ನೋಡಬೇಕು.

ನಿಮ್ಮ ತೊಗರಿಯಲ್ಲೂ ಒಂದು ಗುರುತು ಹೀಗೇ ದಾರಿ ತಪ್ಪಿಸಿತ್ತು. ಒಡಿಶಾ, ಬಸ್ತರ್ ಕಡೆ ಕಾಡಲ್ಲಿ ಕಜಾನಸ್ ಕಜಾನಿಫೋಲಿಯಸ್ ಅನ್ನುವ ಕಾಡು ತೊಗರಿ ಇದೆ. ಅದರ ಬೀಜದ ಕಣ್ಣಿನ ಹತ್ತಿರ ದಪ್ಪನೆ ಒಂದು ಅಂಚು ಇರುತ್ತದೆ, ನಮ್ಮ ತೊಗರಿಯಲ್ಲಿ ಅದು ಎದ್ದು ಕಾಣಲ್ಲ. ಅಂಥ ಗುರುತು ಹಿಡಿದು ಕಾಡಿನವನ್ನೆಲ್ಲ ಅಟೈಲೋಸಿಯಾ ಅಂತ ಬೇರೆ ಗುಂಪು ಮಾಡಿದ್ದರು. ಆದರೆ ಎಲೆ, ಹೂವು, ಕಾಯಿ ಹೋಲುತ್ತಿದ್ದವು, ಹಲವು ಜಾತಿಗಳು ತೊಗರಿಯ ಜೊತೆ ಕೂಡಿ ಬೀಜವನ್ನೂ ಕಟ್ಟುತ್ತಿದ್ದವು. 1986ರಲ್ಲಿ ಎರಡನ್ನೂ ಒಂದೇ ಗುಂಪಿಗೆ ಸೇರಿಸಿದರು, ಡಿಎನ್ಎ ಕೂಡ ಆಮೇಲೆ ಅದನ್ನೇ ಹೇಳಿತು. ಹೈದರಾಬಾದ್ ದಾರಿಯಲ್ಲಿ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಅನ್ನುವ ಬೆಳೆ ಸಂಶೋಧನಾ ಸಂಸ್ಥೆ ಇದೆಯಲ್ಲ, ಅವರ ಮುಂದಾಳತ್ವದಲ್ಲಿ 2011ರಲ್ಲಿ ತೊಗರಿಯ ಡಿಎನ್ಎಯ ಬಹುಪಾಲು ಓದಿದರು, ಸುಮಾರು 48,680 ಜೀನ್ ಇವೆ ಅಂತ ಲೆಕ್ಕ ಸಿಕ್ಕಿತು. ಹೈಬ್ರಿಡ್ ತೊಗರಿ ಮಾಡಲು ಬೇಕಾದ, ಪರಾಗ ಕಟ್ಟದ ತಳಿ ಬಂದದ್ದು ಈ ಕಾಡು ನೆಂಟನಿಂದಲೇ. ಯಾರು ಯಾರಿಗೆ ನೆಂಟ ಅನ್ನುವುದು ಸುಮ್ನೆ ಪುಸ್ತಕದ ಮಾತಲ್ಲ, ರೋಗ ತಡೆಯುವ ಗುಣ ಎಲ್ಲಿ ಹುಡುಕಬೇಕು ಅನ್ನುವುದು ಇದರಿಂದಲೇ ಗೊತ್ತಾಗುವುದು.

ಕೊನೆಗೆ ಆಡು, ಕುರಿ. ಎರಡೂ ಹತ್ತಿರದವೇ. ಜೀವಕೋಶದಲ್ಲಿ ಡಿಎನ್ಎ ಸುತ್ತಿಕೊಂಡಿರುವ ಕಟ್ಟುಗಳಿಗೆ ಕ್ರೋಮೋಸೋಮ್ ಅಂತಾರೆ. ಆಡಿನಲ್ಲಿ 60 ಕ್ರೋಮೋಸೋಮ್, ಕುರಿಯಲ್ಲಿ 54. ಪಕ್ಕಪಕ್ಕ ಇಟ್ಟು ನೋಡಿದರೆ ಕುರಿಯ ಮೂರು ಜೋಡಿ ದೊಡ್ಡ ಕ್ರೋಮೋಸೋಮ್‌ಗಳು ಆಡಿನ ಆರು ಜೋಡಿ ಸಣ್ಣವಕ್ಕೆ ಸರಿಯಾಗಿ ಹೊಂದುತ್ತವೆ. ಕುರಿಯ ವಂಶದಲ್ಲಿ ಎರಡೆರಡು ಕೂಡಿ ಒಂದಾಗಿವೆ ಅಂತ ಅರ್ಥ. ಆಡಿಗೆ ಟಗರು ಬಿದ್ದು ಗರ್ಭ ನಿಂತರೂ ಸಾಮಾನ್ಯವಾಗಿ ನಡುವೆಯೇ ಹೋಗಿಬಿಡುತ್ತದೆ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಒಂದು ಮಿಶ್ರ ಗಂಡು ಮರಿ ಬದುಕಿ ಬೆಳೆದಿತ್ತು, 2000ರಲ್ಲಿ ಅದರ ವರದಿ ಬಂತು. ಅದಕ್ಕೆ 57 ಕ್ರೋಮೋಸೋಮ್, ಅಪ್ಪ ಅಮ್ಮನ ಸರಿ ಅರ್ಧ ಅರ್ಧ, ಆದರೆ ಅದರಿಂದ ಮರಿ ಆಗಲಿಲ್ಲ. ಬಹಳ ಜನ ಎಲ್ಲಾ ತಪ್ಪನ್ನೂ ಈ ಸಂಖ್ಯೆಯ ಮೇಲೆ ಹಾಕುತ್ತಾರೆ, ನಾನು ಒಪ್ಪಲ್ಲ. ಲಡಾಖ್ ಕಡೆಯ ಉರಿಯಲ್ ಅನ್ನುವ ಕಾಡುಕುರಿಯಲ್ಲಿ 58 ಕ್ರೋಮೋಸೋಮ್ ಇವೆ, ನಮ್ಮ ಕುರಿಗಿಂತ 4 ಜಾಸ್ತಿ. ಆದರೂ ಉರಿಯಲ್ ಮತ್ತು ಸಾಕು ಕುರಿ ಕೂಡಿದರೆ ಮರಿ ಆಗುತ್ತದೆ, ಆ ಮರಿಗೂ ಮರಿ ಆಗುತ್ತದೆ. ಯಾಕಂದರೆ ಅವೆರಡೂ ಬೇರೆಯಾಗಿ ಜಾಸ್ತಿ ಕಾಲ ಆಗಿಲ್ಲ, ಜೀನ್‌ಗಳು ಇನ್ನೂ ಒಂದಕ್ಕೊಂದು ಹೊಂದುತ್ತವೆ. ಆಡು ಮತ್ತು ಕುರಿ ಬೇರೆಯಾಗಿ ಹತ್ತಾರು ಲಕ್ಷ ವರ್ಷವೇ ಆಗಿದೆ. ಅಷ್ಟು ಕಾಲದಲ್ಲಿ ಎರಡೂ ಕಡೆ ಕೂಡಿಕೊಂಡ ಬದಲಾವಣೆಗಳು ಒಂದೇ ಗರ್ಭದಲ್ಲಿ ಹೊಂದಿಕೊಂಡು ಕೆಲಸ ಮಾಡಲ್ಲ.